ಎರಡನೆಯ ಏಟು

ನನ್ನ ತಮ್ಮ ಇಂಗ್ಲೆಂಡಿನಲ್ಲಿ ಒಬ್ಬನ ಮುಖಕ್ಕೆ ಹೊಡೆದು ಪೊಲೀಸರ ವಶದಲ್ಲಿದ್ದಾನೆ ಎಂಬ ಸುದ್ದಿ ಬಂದಾಗ ನಾನು ಐರೋಲಿಯ ಆಫೀಸಿನಲ್ಲಿ ಕಿವಿಗೆ ಹೆಡ್‌ಫೋನು ಹಾಕಿಕೊಂಡು, ಅದೇ ದೇಶದ ಬೇರೊಂದು ಠಾಣೆಯಲ್ಲಿ ಬೇರೊಬ್ಬ ಆಡಿದ ಮಾತನ್ನು ಟೈಪ್ ಮಾಡುತ್ತಿದ್ದೆ. ಅದು ನನ್ನ ಕೆಲಸ. ಪೊಲೀಸರು ಆರೋಪಿಯನ್ನು ಪ್ರಶ್ನಿಸುವಾಗ ಅಲ್ಲಿ ಎಲ್ಲವೂ ರೆಕಾರ್ಡ್ ಆಗುತ್ತದೆ. ಆರೋಪಿಯ ಪರ ಇರುವ ವಕೀಲರು, ಅವರನ್ನು ಅಲ್ಲಿ ಸಾಲಿಸಿಟರ್ ಎನ್ನುತ್ತಾರೆ, ಆ ರೆಕಾರ್ಡಿಂಗನ್ನು ನಮಗೆ ಕಳಿಸುತ್ತಾರೆ. ನಾವು ಪ್ರಶ್ನೆ ಒಂದು ಸಾಲು, ಉತ್ತರ ಒಂದು ಸಾಲು ಎಂದು ಇಳಿಸಿ, ಕಕ್ಷಿಗಾರನಿಗೆ ತೊಂದರೆ ತರುವ ಜಾಗಕ್ಕೆ ಹಳದಿ ಬಣ್ಣ ಬಳಿದು ವಾಪಸು ಕಳಿಸುತ್ತೇವೆ.

ವರ್ಷಗಟ್ಟಲೆ ಇದನ್ನೇ ಕೇಳಿದ ಕಿವಿಗೆ ಒಂದು ಅಭ್ಯಾಸ ಬಂದುಬಿಡುತ್ತದೆ. ಪ್ರಶ್ನೆ ಕೇಳುವವರ ದನಿ ಯಾವಾಗಲೂ ಮೆತ್ತಗೇ ಇರುತ್ತದೆ. ಚಹಾ ಬೇಕೇ, ನೀರು ಬೇಕೇ ಎಂದು ವಿಚಾರಿಸಿಕೊಂಡೇ ಶುರುಮಾಡುತ್ತಾರೆ. ಅವನು ನಿನ್ನ ಮೇಲೆ ಬಂದ, ಸರಿ. ನೀನು ಹೊಡೆದೆ, ಸರಿ. ಆಮೇಲೆ ಏನಾಯಿತು? ಇಷ್ಟು ಕೇಳಿದರೆಂದರೆ ನನ್ನ ಬೆರಳು ತಾನಾಗಿ ಹಳದಿ ಬಣ್ಣದ ಕಡೆ ಹೋಗುತ್ತದೆ. ಮೊದಲ ಏಟಿನಲ್ಲಿ ಸಿಕ್ಕಿಬಿದ್ದವರು ಕಡಿಮೆ.

ಫೋನು ಮಾಡಿದ್ದು ಅಪ್ಪ. ನಮ್ಮದು ಮನೆಯಲ್ಲಿ ತುಳು; ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

"ಮಗಾ, ತಮ್ಮನನ್ನು ಪೊಲೀಸ್ ಹಿಡಿದಿದ್ದಾರಂತೆ. ನೀನು ಅವರ ಆಫೀಸಲ್ಲೇ ಅಲ್ವಾ ಕೆಲಸ ಮಾಡುದು. ಒಂದು ಮಾತು ಹೇಳು."

ಅಪ್ಪನ ಲೆಕ್ಕದಲ್ಲಿ ನಾನು ಇಂಗ್ಲೆಂಡಿನ ಕೋರ್ಟಿನ ಒಳಗೇ ಕೂತವಳು. ಎಷ್ಟು ಸಲ ಬಿಡಿಸಿ ಹೇಳಿದರೂ ಅವರಿಗೆ ಅದು ಹಾಗೆಯೇ. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ: ನಮ್ಮ ಕುಟುಂಬದಲ್ಲಿ ನನಗಿಂತ ಮುಂಚೆ ಹತ್ತನೇ ಕ್ಲಾಸು ದಾಟಿದವರಿರಲಿಲ್ಲ. ಏಳನೆಯವರೆಗೆ ಕನ್ನಡ ಶಾಲೆ, ಆಮೇಲೆ ಮರಾಠಿ ಶಾಲೆ, ಆಮೇಲೆ ಬಿ.ಕಾಂ., ಕೆಲಸಕ್ಕೆ ಸೇರಿದ ಮೇಲೆ ಬೆಳಗಿನ ಕಾಲೇಜಿನಲ್ಲಿ ಎಲ್‌ಎಲ್.ಬಿ. ದಿವಾದ ಒಂದೇ ಕೋಣೆಯ ಮನೆಯಲ್ಲಿ ಓದಲು ಜಾಗವಿರಲಿಲ್ಲ. ದಿವಾದಲ್ಲಿ ಲೋಕಲ್ ರೈಲು ಹತ್ತುವುದೇ ಒಂದು ಯುದ್ಧ. ಹತ್ತಿದ ಮೇಲೆ ಥಾಣೆ ಸ್ಟೇಷನ್ನಿನವರೆಗೆ ಒಂದು ಕಾಲಿನ ಮೇಲೆ ನಿಂತು ಕಲಮುಗಳನ್ನು ಬಾಯಿಪಾಠ ಮಾಡಿದವಳು ನಾನು. ಆ ಡಿಗ್ರಿ ಪುಕ್ಕಟೆ ಬಂದದ್ದಲ್ಲ.

ಅಪ್ಪ ಡೊಂಬಿವಲಿ ಪೂರ್ವದ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಲ್ಲುತ್ತಿದ್ದವರು. ಹೋಟೆಲಿನ ಮಾಲೀಕರು ನಮ್ಮ ಉಡುಪಿ ಕಡೆಯವರೇ. ಊರಿಂದ ಅಪ್ಪನನ್ನು ಕರೆತಂದವರು, ದಿವಾದ ಮನೆಗೆ ಡಿಪಾಸಿಟ್ ಕೊಟ್ಟವರು, ನನ್ನ ಕಾಲೇಜು ಫೀಸಿಗೂ ಒಮ್ಮೆ ನೆರವಾದವರು ಅವರೇ. ಅಪ್ಪ ಅವರನ್ನು ಧಣಿ ಎನ್ನುತ್ತಿದ್ದರು, ನಾವೂ ಹಾಗೆಯೇ. ನನ್ನನ್ನು ಕಂಡರೆ ಧಣಿಗೆ ತಮಾಷೆ. "ಏನು ವಕೀಲ್ ಸಾಹೇಬ್ರೆ, ಕರೀ ಕೋಟು ಯಾವಾಗ ಹೊಲಿಸುದು?" ಎಂದು ಗಲ್ಲಾದಿಂದಲೇ ಕೂಗುತ್ತಿದ್ದರು. ಸಪ್ಲೈಯರುಗಳೆಲ್ಲ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ತಮ್ಮ ಹನ್ನೆರಡನೆಯಲ್ಲಿ ಫೇಲಾದ ಮೇಲೆ ಅಪ್ಪನ ಪಕ್ಕದಲ್ಲೇ ನಿಂತು ದೋಸೆ ಹುಯ್ಯಲು ಕಲಿತ. ಕೈ ಚೆನ್ನಾಗಿತ್ತು. ಇಂಗ್ಲೆಂಡಿನ ಉತ್ತರದ ಒಂದು ಊರಿನಲ್ಲಿ ದಕ್ಷಿಣ ಭಾರತದ ಹೋಟೆಲು ಇಟ್ಟವರೊಬ್ಬರು ದೋಸೆಗೆ ಜನ ಹುಡುಕುತ್ತಿದ್ದಾರೆ ಎಂದು ನಮಗೆ ಗೊತ್ತಾಯಿತು. ಅವರೇ ವೀಸಾ ಮಾಡಿಸಿ ಇವನನ್ನು ಕರೆಸಿಕೊಂಡರು. ಮನೆಯ ಮೊದಲ ಡಿಗ್ರಿ ನನ್ನದು, ಮೊದಲ ಪಾಸ್‌ಪೋರ್ಟು ಅವನದು.

ನಡೆದದ್ದು ಏನೆಂದು ನನಗೆ ತಿಳಿದದ್ದು ತುಣುಕು ತುಣುಕಾಗಿ. ಮಧ್ಯಾಹ್ನದ ಊಟದ ಗಿರಾಕಿಗಳು ಹೋಗಿ ಸಂಜೆಯವರು ಬರುವ ಮೊದಲು ಅಡುಗೆಮನೆಯವರಿಗೆ ಸ್ವಲ್ಪ ಬಿಡುವು. ತಮ್ಮ ಹಿತ್ತಲಿನ ನಲ್ಲಿಯ ಹತ್ತಿರ ದೋಸೆ ಕೀಳುವ ಕಬ್ಬಿಣದ ಸಟ್ಟುಗವನ್ನು ಉಜ್ಜಿ ತೊಳೆಯುತ್ತಿದ್ದ. ಹಿಂದಿನ ಕಟ್ಟಡದಲ್ಲಿ ಒಬ್ಬನಿದ್ದ. ಒಗ್ಗರಣೆ ವಾಸನೆಗೆ, ಕಸದ ಡಬ್ಬಿಗೆ, ಎಲ್ಲಕ್ಕೂ ಜಗಳ ತೆಗೆಯುವವನು. ಹಿಂದೊಮ್ಮೆ ಕುಡಿದು ಬಂದು ಚಾಕು ತೋರಿಸಿ ಹೋಗಿದ್ದನಂತೆ. ಹೋಟೆಲಿನವರು ಪೊಲೀಸರಿಗೆ ಹೇಳಿರಲಿಲ್ಲ. ಆ ಮಧ್ಯಾಹ್ನ ಅವನು ಗೇಟು ದೂಡಿಕೊಂಡು ಒಳಗೆ ಬಂದ, ತಮ್ಮನ ಕುತ್ತಿಗೆ ಹಿಡಿದು ಗೋಡೆಗೆ ಒತ್ತಿದ. ತಮ್ಮ, ಕೈಯಲ್ಲಿದ್ದ ಸಟ್ಟುಗವನ್ನೇ ಬೀಸಿದ. ಅವನು ಕೈಬಿಟ್ಟು ಹಿಂದೆ ಸರಿದ. ತಮ್ಮ ಇನ್ನೊಮ್ಮೆ ಬೀಸಿದ. ಆ ಎರಡನೆಯ ಏಟಿಗೆ ಅವನ ಕೆನ್ನೆಯ ಮೂಳೆ ಒಡೆಯಿತು, ಒಂದು ಕಣ್ಣಿನ ದೃಷ್ಟಿ ಹೋಯಿತು.

ಬೇಕೆಂದೇ ತೀವ್ರ ಗಾಯ ಮಾಡಿದ್ದಾನೆ ಎಂಬುದು ಆರೋಪ. ಅಲ್ಲಿ ಅದಕ್ಕಿಂತ ದೊಡ್ಡ ಆರೋಪಗಳು ಬೆರಳೆಣಿಕೆಯಷ್ಟು. ಸಾಬೀತಾದರೆ ವರ್ಷಗಟ್ಟಲೆ ಜೈಲು, ಆಮೇಲೆ ದೇಶದಿಂದ ಹೊರಗೆ. ಅವನಿಗೆ ಇದ್ದ ಒಂದೇ ಉತ್ತರ ಆತ್ಮರಕ್ಷಣೆ.

ಆ ಉತ್ತರ ದುರ್ಬಲವಲ್ಲ ಎಂದು ನನಗೆ ಗೊತ್ತಿತ್ತು. ಅಲ್ಲಿನ ಕಾನೂನು ಎರಡು ಸಂಗತಿ ನೋಡುತ್ತದೆ. ಹೊಡೆಯದೆ ಗತ್ಯಂತರವಿಲ್ಲ ಎಂದು ಅವನು ನಿಜವಾಗಿಯೂ ನಂಬಿದ್ದನೇ? ಅವನು ನಂಬಿದಂತೆಯೇ ಪರಿಸ್ಥಿತಿ ಇದ್ದಿದ್ದರೆ ಅಷ್ಟು ಬಲ ಬಳಸಿದ್ದು ಸರಿಯೇ? ಅವನ ನಂಬಿಕೆ ತಪ್ಪಾಗಿದ್ದರೂ ಪರವಾಗಿಲ್ಲ, ಪ್ರಾಮಾಣಿಕವಾಗಿರಬೇಕು. ಹೆದರಿದ ಮನುಷ್ಯ ತಕ್ಕಡಿ ಹಿಡಿದು ಏಟು ತೂಗಲಾರ ಎಂಬುದನ್ನೂ ಕಾನೂನು ಒಪ್ಪುತ್ತದೆ. ಇನ್ನೂ ಮುಖ್ಯವಾದದ್ದು, ಆತ್ಮರಕ್ಷಣೆ ಅಲ್ಲ ಎಂದು ತೋರಿಸುವ ಹೊಣೆ ಸರಕಾರದ್ದು. ಹನ್ನೆರಡು ಜನ ಸಾಮಾನ್ಯರ ಜ್ಯೂರಿಗೆ ಖಾತ್ರಿಯಾಗದಿದ್ದರೆ ಬಿಟ್ಟುಬಿಡಬೇಕು.

ಪೊಲೀಸ್ ಠಾಣೆಯಲ್ಲಿ ಹಿಂದಿ ದುಭಾಷಿಯ ಮೂಲಕ ತಮ್ಮ ಹೇಳಿದ್ದು ಇಷ್ಟು: ಹಿಂದೆ ಸರಿದವನ ಕೈ ಜೇಬಿಗೆ ಹೋಯಿತು, ಚಾಕು ತೆಗೆಯುತ್ತಾನೆ ಅಂದುಕೊಂಡೆ, ಅದಕ್ಕೇ ಮತ್ತೆ ಹೊಡೆದೆ. ಜೇಬಿನಲ್ಲಿ ಬೀಗದ ಕೈ ಬಿಟ್ಟರೆ ಏನೂ ಇರಲಿಲ್ಲ. ಪಕ್ಕದ ಗ್ಯಾರೇಜಿನ ಕ್ಯಾಮೆರಾದಲ್ಲಿ ಆ ಮನುಷ್ಯನ ಬೆನ್ನು ಕಾಣುತ್ತದೆ, ಕೈ ಕಾಣುವುದಿಲ್ಲ. ಒಂದು ಏಟಿಗೂ ಇನ್ನೊಂದು ಏಟಿಗೂ ನಡುವೆ ಒಂದು ಉಸಿರಿನಷ್ಟು ಬಿಡುವು. ಇಡೀ ಕೇಸು ಆ ಬಿಡುವಿನಲ್ಲಿತ್ತು.

ಜೊತೆಗೆ ಇನ್ನೊಂದು ಎಡವಟ್ಟು ಆಗಿಹೋಗಿತ್ತು. ಪೊಲೀಸರು ಹಿತ್ತಲಿಗೆ ಬಂದಾಗ ತಮ್ಮ ಓಡಿರಲಿಲ್ಲ. ನೆಲದ ಮೇಲೆ ಬಿದ್ದವನ ಪಕ್ಕದಲ್ಲೇ ನಿಂತು, ಎರಡೂ ಕೈ ಜೋಡಿಸಿ, "ಸಾರಿ ಸರ್, ಮೈ ಮಿಸ್ಟೇಕ್, ಮೈ ಮಿಸ್ಟೇಕ್" ಅಂದಿದ್ದ. ಪೊಲೀಸರ ಎದೆಯ ಮೇಲಿನ ಕ್ಯಾಮೆರಾದಲ್ಲಿ ಅದು ದಾಖಲಾಗಿತ್ತು. ಸರಕಾರದ ವಕೀಲರಿಗೆ ಅದು ತಪ್ಪೊಪ್ಪಿಗೆ. ನನ್ನ ಮುಂದೆ ಬಂದಿದ್ದರೆ ನಾನೂ ಹಳದಿ ಬಳಿಯುತ್ತಿದ್ದೆ.

ಆದರೆ ಆ ಕೈ ಜೋಡಿಸುವುದನ್ನು ಅವನು ಕಲಿತದ್ದು ಎಲ್ಲಿ ಎಂದು ನನಗೆ ಗೊತ್ತು. ಧಣಿಯ ಹೋಟೆಲಿನಲ್ಲಿ ಒಂದು ಕಟ್ಟಳೆಯಿತ್ತು. ಗಿರಾಕಿ ದನಿ ಎತ್ತಿದರೆ ಮೊದಲು ಕೈ ಜೋಡಿಸಬೇಕು, ತಪ್ಪು ನಮ್ಮದೇ ಅನ್ನಬೇಕು. ಯಾರದು ತಪ್ಪು ಎಂದು ನೋಡುವುದು ಆಮೇಲೆ. ಸಾಂಬಾರಿಗೆ ತಾನೇ ಕೂದಲು ಹಾಕಿ ಬಿಲ್ಲು ತಪ್ಪಿಸಿಕೊಳ್ಳುವವನ ಮುಂದೆಯೂ ಅಷ್ಟೇ. ನಾನು ಸಂಜೆ ಶಾಲೆ ಮುಗಿಸಿ ಬಂದು ಅಲ್ಲೇ ಮೂಲೆಯ ಟೇಬಲ್ಲಿನಲ್ಲಿ ಕೂತು ಬರೆಯುತ್ತಿದ್ದಾಗ ಅಪ್ಪ ಕಾವಲಿ ಬಿಟ್ಟು ಬಂದು, ಹಿಟ್ಟು ಮೆತ್ತಿದ ಕೈ ಜೋಡಿಸಿ, ತನ್ನ ಮಗನ ವಯಸ್ಸಿನವರ ಮುಂದೆ ತಲೆ ತಗ್ಗಿಸುವುದನ್ನು ಎಷ್ಟು ಸಲ ನೋಡಿಲ್ಲ? ಆಗಲೇ ನಾನು ಓದಬೇಕೆಂದು ಹಟ ಹಿಡಿದದ್ದು. ತಮ್ಮ ಅದನ್ನು ಬೇರೆ ಥರ ಕಲಿತ. ಗಲಾಟೆ ನಿಲ್ಲಬೇಕಾದರೆ ಹೀಗೆ ಮಾಡಬೇಕು ಎಂದಷ್ಟೇ ಅವನ ಕೈಗೆ ಗೊತ್ತಿತ್ತು.

ಕೋರ್ಟು ಜಾಮೀನು ಕೊಟ್ಟಿತು. ಬೇರೆ ಊರಿನಲ್ಲಿ ಇರಬೇಕು, ಪಾಸ್‌ಪೋರ್ಟು ಒಪ್ಪಿಸಬೇಕು, ಗಾಯಗೊಂಡವನನ್ನು ನೇರವಾಗಿಯಾಗಲಿ ಬೇರೆಯವರ ಮೂಲಕವಾಗಲಿ ಸಂಪರ್ಕಿಸಕೂಡದು. ಆ ಕೊನೆಯ ಷರತ್ತನ್ನು ನಾನು ಅಪ್ಪನಿಗೆ ತುಳುವಿನಲ್ಲಿ, ತಮ್ಮನಿಗೆ ಹಿಂದಿಯಲ್ಲಿ, ಒಂದಲ್ಲ ಹಲವು ಸಲ ಹೇಳಿದೆ. ತಮ್ಮ "ಹಾಂ ಅಕ್ಕ, ಸಮಝ್ ಗಯಾ" ಅಂದ. ಅಪ್ಪ ತಲೆಯಾಡಿಸಿದರು. ಅಪ್ಪ ಯಾವುದಕ್ಕೂ ತಲೆಯಾಡಿಸುತ್ತಾರೆ.

ಒಂದು ಭಾನುವಾರ ಧಣಿ ನಮ್ಮನ್ನು ಮನೆಗೆ ಕರೆಸಿಕೊಂಡರು. ಘೋಡಬಂದರ್ ರಸ್ತೆಯ ಎತ್ತರದ ಕಟ್ಟಡವೊಂದರಲ್ಲಿ ಅವರ ಹೊಸ ಫ್ಲ್ಯಾಟು. ಕಿಟಕಿಯಿಂದ ಒಂದು ಕಡೆ ಖಾಡಿಯ ಉಪ್ಪುನೀರು, ಇನ್ನೊಂದು ಕಡೆ ಗುಡ್ಡ. ಅಪ್ಪ ಸೋಫಾದ ಅಂಚಿನಲ್ಲಿ ಕೂತಿದ್ದರು. ಧಣಿಯೇ ಮಾತು ತೆಗೆದರು. ತಮ್ಮನಿದ್ದ ಊರಿನ ಹತ್ತಿರ ಅವರ ಭಾವನ ಕಡೆಯವರೊಬ್ಬರು ಕಿರಾಣಿ ಅಂಗಡಿ ಇಟ್ಟಿದ್ದಾರಂತೆ. ಅವರು ಹಣ್ಣು, ಸಿಹಿ ತೆಗೆದುಕೊಂಡು ಗಾಯಗೊಂಡವನ ಮನೆಗೆ ಹೋಗಿ ನಾಲ್ಕು ಒಳ್ಳೆಯ ಮಾತಾಡಿ ಬರುತ್ತಾರಂತೆ. ಮೊದಲೊಮ್ಮೆ ಹೋಟೆಲಿನ ಸಪ್ಲೈಯರೊಬ್ಬ ಗಿರಾಕಿಯ ತಲೆ ಒಡೆದಾಗ ಧಣಿ ಹೀಗೆಯೇ ನಮ್ಮ ಊರಿನವರ ಸಂಘದ ಹಿರಿಯರನ್ನು ಕರೆದುಕೊಂಡು ಕಲ್ಯಾಣದ ಆಸ್ಪತ್ರೆಗೆ ಹೋಗಿ, ಹಾಸಿಗೆಯ ಪಕ್ಕ ಕೂತು, ಸಂಜೆಯೊಳಗೆ ದೂರು ವಾಪಸು ತೆಗೆಸಿದ್ದರು. ಆ ಕತೆ ಡೊಂಬಿವಲಿಯ ನಮ್ಮವರಿಗೆಲ್ಲ ಗೊತ್ತು.

"ಧಣಿ, ಅದು ಮಾತ್ರ ಬೇಡ," ಅಂದೆ. "ಅಲ್ಲಿ ಅದು ರಾಜಿ ಅಲ್ಲ. ಸಾಕ್ಷಿಯನ್ನು ಹೆದರಿಸ್ಲಿಕ್ಕೆ ಹೋದ ಹಾಗೆ. ಅದಕ್ಕೇ ಬೇರೆ ಕೇಸು ಹಾಕ್ತಾರೆ. ಇವನ ಜಾಮೀನು ಹೋಗ್ತದೆ."

"ಹಣ್ಣು ಕೊಡುದು ಕೇಸಾ?" ಧಣಿ ನಕ್ಕರು. "ನೀನು ಭಾರೀ ಹೆದರ್ತಿ ಮಾರಾಯ್ತಿ. ಓದಿದವರಿಗೆ ಕಾನೂನು ಕಾಣ್ತದೆ, ಮನುಷ್ಯರು ಕಾಣುದಿಲ್ಲ. ಅವನಿಗೂ ಅಮ್ಮ ಅಂತ ಒಬ್ಬಳು ಉಂಟಲ್ಲ? ಅವಳತ್ರ ಹೋಗಿ ತಪ್ಪಾಯ್ತು ಅಂದ್ರೆ ಕಲ್ಲು ಕೂಡ ಕರಗ್ತದೆ."

ನಾನು ಮತ್ತೆ ಬಿಡಿಸಿ ಹೇಳಿದೆ. ಮರಾಠಿಯಲ್ಲೂ ಹೇಳಿದೆ, ಧಣಿಯ ಹೆಂಡತಿಗೆ ಅರ್ಥವಾಗಲಿ ಎಂದು. ಆಕೆ ಇಲ್ಲಿಯೇ ಹುಟ್ಟಿದವರು. ಕೊನೆಗೆ ಧಣಿ, ಸರಿ, ನೀನು ಬೇಡ ಅಂದ್ರೆ ಬೇಡ ಅಂದರು. ಅವರು ಅಷ್ಟು ಬೇಗ ಒಪ್ಪಿದ್ದು ನನಗೆ ಸರಿಬರಲಿಲ್ಲ. ಥಾಣೆ ರೈಲ್ವೆ ಸ್ಟೇಷನ್ನಿಗೆ ಬರುವ ಬಸ್ಸಿನಲ್ಲಿ ಅಪ್ಪನನ್ನು ಕೇಳಿದೆ, ಧಣಿ ನಿಜವಾಗಿ ಬಿಟ್ಟರಾ ಎಂದು. ಅಪ್ಪ ಕಿಟಕಿಯ ಹೊರಗೆ ನೋಡುತ್ತಾ, ಧಣಿ ಕೆಟ್ಟದ್ದು ಮಾಡುವವರಲ್ಲ ಅಂದರು. ನಾನು ಕೇಳಿದ್ದು ಅದಲ್ಲ.

ಅದಾಗಿ ಸ್ವಲ್ಪ ದಿನ ಕಳೆಯಿತು. ತಮ್ಮ ದಿನವೂ ಫೋನು ಮಾಡುತ್ತಿದ್ದವನು ಒಂದು ದಿನ ಮಾಡಲಿಲ್ಲ. ಮರುದಿನವೂ ಮಾಡಲಿಲ್ಲ. ನಾನು ಮಾಡಿದರೆ ಸ್ವಿಚ್ ಆಫ್. ಅಮ್ಮ ಅನ್ನಕ್ಕಿಟ್ಟು ಮರೆತಳು, ತಳ ಹಿಡಿದ ವಾಸನೆ ಹೊರಗಿನ ಗ್ಯಾಲರಿಯವರೆಗೂ ಬಂತು. ಆಫೀಸಿನಲ್ಲಿ ಕಿವಿಯೊಳಗೆ ಯಾರೋ ಅಳುತ್ತಿದ್ದರೆ ಅದು ನನ್ನ ತಮ್ಮನ ದನಿಯೋ ಏನೋ ಎಂದು ಹಿಂದಕ್ಕೆ ತಿರುಗಿಸಿ ಮತ್ತೆ ಕೇಳುತ್ತಿದ್ದೆ. ಅವನ ಕೇಸು ನನ್ನ ಕೈಗೆ ಬರುವುದು ಸಾಧ್ಯವೇ ಇರಲಿಲ್ಲ. ನಾನೇ ಮೇಲಿನವರಿಗೆ ತಿಳಿಸಿ ಆ ಊರಿನ ಕೆಲಸವನ್ನೆಲ್ಲ ನನ್ನಿಂದ ದೂರ ಇಡಿಸಿದ್ದೆ. ಆದರೂ ಕೇಳುತ್ತಿದ್ದೆ.

ಸುದ್ದಿ ಕೊಟ್ಟದ್ದು ತಮ್ಮನ ಪರ ಇದ್ದ ಸಾಲಿಸಿಟರ್. ನಡುವಯಸ್ಸಿನ ಹೆಂಗಸು, ಬಿಗಿ ಮಾತಿನವರು. ಯಾರೋ ಒಬ್ಬರು ಹಣ್ಣಿನ ಬುಟ್ಟಿ, ಸಿಹಿಯ ಡಬ್ಬ ಹಿಡಿದು ಗಾಯಗೊಂಡವನ ತಾಯಿಯ ಮನೆಗೆ ಹೋಗಿದ್ದರು. ಹುಡುಗನಿಂದ ತಪ್ಪಾಗಿದೆ, ಅವನು ಒಪ್ಪುತ್ತಾನೆ, ದೂರು ವಾಪಸು ತೆಗೆದುಕೊಳ್ಳಿ, ಚಿಕಿತ್ಸೆಯ ಜವಾಬ್ದಾರಿ ನಮ್ಮದು ಅಂದಿದ್ದರು. ಆ ತಾಯಿ ಬಾಗಿಲು ಹಾಕಿಕೊಂಡು ಪೊಲೀಸರಿಗೆ ಫೋನು ಮಾಡಿದಳು. ತಮ್ಮನನ್ನು ಅದೇ ದಿನ ಮತ್ತೆ ಹಿಡಿದರು. ಜಾಮೀನು ರದ್ದಾಯಿತು. ವಿಚಾರಣೆಯವರೆಗೆ ಜೈಲು. ಅಷ್ಟೇ ಆಗಿದ್ದರೆ ತಡೆದುಕೊಳ್ಳಬಹುದಿತ್ತು. ಈ ಭೇಟಿಯನ್ನೂ ಜ್ಯೂರಿಯ ಮುಂದೆ ಇಡುತ್ತೇವೆ ಎಂದು ಸರಕಾರದ ವಕೀಲರು ತಿಳಿಸಿದ್ದರು. ನಿಜವಾಗಿ ಆತ್ಮರಕ್ಷಣೆಗೆ ಹೊಡೆದವನು ಸಾಕ್ಷಿಯ ಬಾಯಿ ಮುಚ್ಚಿಸಲು ಜನ ಕಳಿಸುತ್ತಾನೆಯೇ ಎಂದು ಅವರು ಕೇಳುವವರಿದ್ದರು. ಆ ಪ್ರಶ್ನೆ ಕೇಳಿದ ಮೇಲೆ ಆ ಒಂದು ಉಸಿರಿನ ಬಿಡುವಿನ ಬಗ್ಗೆ ಯಾರು ತಲೆಕೆಡಿಸಿಕೊಳ್ಳುತ್ತಾರೆ?

ತಮ್ಮನಿಗೆ ಇದು ಗೊತ್ತೇ ಇರಲಿಲ್ಲ. ಸಾಲಿಸಿಟರ್ ನಂಬಿದರು. ಆದರೆ ನಂಬಿಕೆ ಸಾಲದು, ಕಳಿಸಿದವರು ಯಾರೋ ಅವರು ಬಾಯಿಬಿಟ್ಟು ಹೇಳಬೇಕು ಅಂದರು. ಬುಟ್ಟಿ ಹಿಡಿದು ಹೋಗಿದ್ದ ಆ ಕಿರಾಣಿ ಅಂಗಡಿಯವರು ಅವರ ವಕೀಲರು ಹೇಳಿದಂತೆ ತುಟಿ ಬಿಚ್ಚುತ್ತಿರಲಿಲ್ಲ. ಉಳಿದವರು ಧಣಿ.

ಮತ್ತೆ ಘೋಡಬಂದರ್ ರಸ್ತೆ. ಈ ಸಲ ನಾನೊಬ್ಬಳೇ ಹೋಗಿದ್ದೆ. ಧಣಿ ಚಹಾ ತರಿಸಿದರು, ಅತ್ತಿತ್ತ ಮಾತಾಡಿದರು. ಅವರ ಮುಖದಲ್ಲಿ ನಗು ಇರಲಿಲ್ಲ. ಮಗಳು ಲಂಡನ್ನಿನ ಹತ್ತಿರ ಇದ್ದಾಳೆ, ಬಾಣಂತನಕ್ಕೆ ಹೆಂಡತಿ ಹೋಗಬೇಕು, ಈಗ ಪೊಲೀಸರ ಕಾಗದದಲ್ಲಿ ತನ್ನ ಹೆಸರು ಬಂದರೆ ವೀಸಾ ಕೊಡುವುದಿಲ್ಲ ಅಂದರು. ಒಳ್ಳೆಯದಾಗಲಿ ಎಂದೇ ಮಾಡಿದ್ದು ಅಂದರು. ಅದು ಸುಳ್ಳಲ್ಲ ಎಂದು ನನಗೂ ಗೊತ್ತಿತ್ತು. ಆಮೇಲೆ ದನಿ ತಗ್ಗಿಸಿ, "ನಿನ್ನ ಅಪ್ಪನತ್ರ ಮಾತಾಡಿದ್ದೇನೆ. ತಾನೇ ಕಳಿಸಿದ್ದು ಅಂತ ಹೇಳ್ತಾನೆ. ಅಪ್ಪ ಅಲ್ವಾ, ಮಗನ ಸಲುವಾಗಿ ಮಾಡಿದ ಅಂದ್ರೆ ಅವನಿಗೆ ಯಾರು ಎಂತ ಮಾಡ್ತಾರೆ?" ಅಂದರು.

ಚಹಾ ಹಾಗೆಯೇ ಬಿಟ್ಟು ಬಂದೆ. ಮನೆಗೆ ಬಂದು ಕೇಳಿದರೆ ಅಪ್ಪ ಹೌದು ಅಂದರು. ಧಣಿಯ ಋಣ ಉಂಟಲ್ಲ ಅಂದರು.

ಸಾಲಿಸಿಟರ್ ವೀಡಿಯೊ ಕರೆ ಮಾಡಿದ ಸಂಜೆ ಅಪ್ಪ ಸ್ನಾನ ಮಾಡಿ ಇಸ್ತ್ರಿ ಹಾಕಿದ ಶರ್ಟು ತೊಟ್ಟು ಕೂತಿದ್ದರು. ಮಾತಿಗೆ ನಾನೇ ದುಭಾಷಿ. ಪ್ರಶ್ನೆಗಳು ಮೆತ್ತಗೇ ಶುರುವಾದವು. ಆ ಮನುಷ್ಯನನ್ನು ಕಳಿಸಿದ್ದು ಯಾರು? "ನಾನೇ," ಅಂದರು ಅಪ್ಪ, ಪರದೆಯ ಮುಂದೆ ಕೈ ಜೋಡಿಸಿ. "ತಪ್ಪು ನನ್ನದೇ." ಅವರ ಹೆಸರೇನು? ಎಲ್ಲಿ ಪರಿಚಯ? ಯಾವ ನಂಬರಿಗೆ ಫೋನು ಮಾಡಿದಿರಿ? ಅಪ್ಪ ನನ್ನ ಮುಖ ನೋಡಿದರು. ಮುಂದಿನ ಮೂರು ಪ್ರಶ್ನೆ ಯಾವುವು ಎಂದು ನನಗೆ ಗೊತ್ತಿತ್ತು. ಈ ಸುಳ್ಳು ಕೋರ್ಟಿನಲ್ಲಿ ಒಂದು ಗಂಟೆಯೂ ನಿಲ್ಲುವುದಿಲ್ಲ, ಬಿದ್ದಾಗ ತಮ್ಮನ ನಿಜವನ್ನೂ ಎಳೆದುಕೊಂಡೇ ಬೀಳುತ್ತದೆ ಎಂಬುದೂ ಗೊತ್ತಿತ್ತು.

ಸಾಲಿಸಿಟರಿಗೆ ಇಂಗ್ಲಿಷಿನಲ್ಲಿ ಹೇಳಿದೆ, ನಾನು ಈ ಕೆಲಸ ಮಾಡಲಾರೆ, ಬೇರೆ ದುಭಾಷಿಯನ್ನು ಗೊತ್ತುಮಾಡಿ. ಅವರು ಒಂದು ಕ್ಷಣ ನನ್ನನ್ನು ನೋಡಿ, ಕಾರಣ ಕೇಳದೆ, ಆಗಲಿ ಅಂದರು.

ಪರದೆ ಆರಿದ ಮೇಲೆ ಅಪ್ಪನಿಗೆ ಹೇಳಿದೆ: "ಅಪ್ಪ, ಇದು ಹೋಟೆಲಲ್ಲ. ಇಲ್ಲಿ ತಪ್ಪು ನಂದು ಅಂದ್ರೆ ಗಲಾಟೆ ನಿಲ್ಲುದಿಲ್ಲ. ಅವನನ್ನು ಒಳಗೆ ಹಾಕ್ತಾರೆ."

ಅಪ್ಪ ಶರ್ಟು ಬಿಚ್ಚಿ ಮಡಿಸಿಟ್ಟರು.

ಎರಡನೆಯ ಕರೆಯ ದಿನ ಅಲ್ಲಿಯೇ ನೆಲೆಸಿದ ಕನ್ನಡದ ಹೆಂಗಸೊಬ್ಬರು ದುಭಾಷಿಯಾಗಿ ಬಂದರು. ಮನೆಯವರು ಯಾರೂ ಕೇಳಿಸಿಕೊಳ್ಳುವಂತಿಲ್ಲ ಎಂದು ಸಾಲಿಸಿಟರ್ ಮೊದಲೇ ಹೇಳಿದ್ದರು. ಅಮ್ಮನನ್ನು ಕರೆದುಕೊಂಡು ಕೆಳಗಿಳಿದು ನೀರಿನ ಟಾಕಿಯ ಕಟ್ಟೆಯ ಮೇಲೆ ಕೂತೆ. ಮಕ್ಕಳು ಕ್ರಿಕೆಟ್ ಆಡುತ್ತಿದ್ದರು. ಕೊಂಕಣದ ಕಡೆಗೆ ಹೋಗುವ ಗಾಡಿಯೊಂದು ಸಿಗ್ನಲ್ಲಿಗೆ ನಿಂತು ಕೂಗುತ್ತಲೇ ಇತ್ತು. ಮೇಲೆ ನಮ್ಮ ಬಾಗಿಲು ಮುಚ್ಚಿತ್ತು. ದಿನವಿಡೀ ಅಪರಿಚಿತರ ಹೇಳಿಕೆಗಳನ್ನು ಕಿವಿಯಲ್ಲಿ ಸುರಿದುಕೊಳ್ಳುವ ನನಗೆ ನನ್ನ ಅಪ್ಪನ ಒಂದು ಮಾತೂ ಕೇಳಿಸುವಂತಿರಲಿಲ್ಲ. ಅಪ್ಪ ಜೀವಮಾನದಲ್ಲಿ ಧಣಿಯ ವಿರುದ್ಧ ಒಂದು ಶಬ್ದ ಆಡಿದವರಲ್ಲ. ತಮ್ಮನ ಇಡೀ ಬದುಕು ಆ ಬಾಗಿಲಿನ ಹಿಂದೆ, ಆ ಒಬ್ಬ ಮನುಷ್ಯನ ನಾಲಗೆಯ ಮೇಲೆ ಇತ್ತು. ಅಮ್ಮ ನನ್ನ ಕೈ ಹಿಡಿದುಕೊಂಡಿದ್ದಳು.

ಕತ್ತಲಾಗುವ ಹೊತ್ತಿಗೆ ಅಪ್ಪ ಮೆಟ್ಟಿಲಿಳಿದು ಬಂದರು.

"ಎಂತ ಹೇಳಿದ್ರಿ ಅಪ್ಪ?"

"ಕೇಳಿದ್ದಕ್ಕೆ ಹೇಳಿದೆ."

ಅದಕ್ಕಿಂತ ಹೆಚ್ಚು ಅವರು ಬಾಯಿಬಿಡಲಿಲ್ಲ. ಮಾರನೆಯ ದಿನ ಎಂದಿನಂತೆ ಬೆಳಗಿನ ಲೋಕಲ್ಲಿಗೆ ಹೋದರು, ಮಧ್ಯಾಹ್ನದ ಮೊದಲೇ ತಿರುಗಿ ಬಂದರು. ಧಣಿಗೆ ಮುಖಾಮುಖಿ ಹೇಳಿ ಬಂದೆ, ನಿಮ್ಮ ಹೆಸರು ಕೊಟ್ಟಿದ್ದೇನೆ ಅಂತ, ಅಂದರು. ಧಣಿ ಏನಂದರು ಎಂದು ಅಮ್ಮ ಕೇಳಿದಳು. ಗಲ್ಲಾದಿಂದ ಎದ್ದು ಒಳಗೆ ಹೋದರು ಅಂದರು. ಆ ಹೋಟೆಲಿಗೆ ಅಪ್ಪ ಮತ್ತೆ ಹೋಗಲಿಲ್ಲ. ಸ್ವಲ್ಪ ದಿನ ಮನೆಯಲ್ಲಿದ್ದು, ಕೋಪರಖೈರಣೆಯ ಮಾರ್ಕೆಟಿನ ಹತ್ತಿರ ಒಂದು ಚಿಕ್ಕ ಹೋಟೆಲಿಗೆ ಸೇರಿದರು. ಧಣಿಯಿಂದ ನನಗೆ ಒಂದೇ ಒಂದು ಫೋನು ಬಂತು. ಓದಿಸಿದ್ದಕ್ಕೆ ಒಳ್ಳೇ ಬಡ್ಡಿ ಕೊಟ್ಟೆ ವಕೀಲೆ, ಅಂದು ಇಟ್ಟುಬಿಟ್ಟರು.

ಸರಕಾರದ ವಕೀಲರು ಹಣ್ಣಿನ ಬುಟ್ಟಿಯ ವಿಷಯ ಜ್ಯೂರಿಯ ಮುಂದೆ ತರುವುದನ್ನು ಕೈಬಿಟ್ಟರು. ಆದರೆ ಜಾಮೀನು ಮತ್ತೆ ಸಿಗಲಿಲ್ಲ. ಒಂದು ಚಳಿಗಾಲ ಪೂರ್ತಿ ತಮ್ಮ ಒಳಗೇ ಕಳೆದ. ಈಗ ಉಳಿದದ್ದು ಕ್ಯಾಮೆರಾ, 'ಮೈ ಮಿಸ್ಟೇಕ್' ಮತ್ತು ಅವನ ಮಾತು. ಆ ಹೊತ್ತಿನಲ್ಲಿ ಏನು ನಂಬಿದ್ದ ಎಂದು ಹೇಳಬಲ್ಲವನು ಅವನೊಬ್ಬನೇ. ಅವನೇ ಸಾಕ್ಷಿಕಟ್ಟೆ ಹತ್ತಿ ಹೇಳಬೇಕಿತ್ತು.

ವಿಚಾರಣೆ ಶುರುವಾಗುವ ಮೊದಲಿನ ಭಾನುವಾರ ಮಧ್ಯಾಹ್ನ ಜೈಲಿನಿಂದ ಫೋನು ಬಂತು. ಅಪ್ಪ ಕೆಲಸಕ್ಕೆ ಹೋಗಿದ್ದರು, ಅಮ್ಮ ಮಲಗಿದ್ದಳು. ನಾನು ಗ್ಯಾಲರಿಗೆ ಬಂದೆ. ತಮ್ಮ ಯಾವಾಗಲೂ ಹಿಂದಿಯಲ್ಲೇ ಉತ್ತರ ಕೊಡುವವನು. ಆ ದಿನ ತುಳುವಿನಲ್ಲಿ ಮಾತಾಡಿದ. ಅದರಿಂದಲೇ ನನಗೆ ಭಯವಾಯಿತು.

"ಅಕ್ಕ, ನಾನು ರಾತ್ರಿ ಹಗಲು ಅದನ್ನೇ ಯೋಚನೆ ಮಾಡ್ತೇನೆ. ಅವನ ಕೈ ಜೇಬಿಗೆ ಹೋಯ್ತು ಅಂತ ಹೇಳಿದ್ದೆನಲ್ಲ. ಈಗ ನೆನಪು ಮಾಡಿಕೊಂಡ್ರೆ, ನಾನು ಎರಡನೇ ಸಲ ಹೊಡೆಯುವಾಗ ನಿಜವಾಗಿ..."

"ಸುಮ್ನಿರು," ಅಂದೆ. "ಈ ಫೋನು ರೆಕಾರ್ಡ್ ಆಗ್ತದೆ. ಕೇಸಿನ ವಿಷಯ ನನ್ನತ್ರ ಮಾತಾಡಬಾರದು. ಹೇಳುದಿದ್ರೆ ನಿನ್ನ ಸಾಲಿಸಿಟರತ್ರ ಹೇಳು. ಕೋರ್ಟಲ್ಲಿ ಎಂತ ನೆನಪುಂಟೋ ಅದನ್ನೇ ಹೇಳು."

ಅವನ ಹಿಂದಿನಿಂದ ಯಾರೋ ಕಬ್ಬಿಣದ ಬಾಗಿಲು ಹಾಕಿದ ಸದ್ದು ಕೇಳಿಸಿತು. ಆಮೇಲೆ ಅವನು, ಅಪ್ಪನಿಗೆ ಹೊಸ ಹೋಟೆಲಿನ ಕೆಲಸ ಹೇಗಿದೆ ಎಂದು ಕೇಳಿದ. ಕಾವಲಿ ಚಿಕ್ಕದು, ಗಿರಾಕಿ ಜಾಸ್ತಿ ಅಂದೆ. ಸಮಯ ಮುಗಿದು ಕರೆ ಕಡಿಯಿತು.

ನಾನು ಹೇಳಿದ್ದು ಕಾನೂನಿನ ಪ್ರಕಾರ ಸರಿ. ಯಾವ ವಕೀಲರನ್ನು ಕೇಳಿದರೂ ಅದನ್ನೇ ಹೇಳುತ್ತಾರೆ.

ಅವನು ಸಾಕ್ಷಿಕಟ್ಟೆಯಲ್ಲಿ ಅರ್ಧ ದಿನ ನಿಂತ. ಸಾಲಿಸಿಟರ್ ಆಮೇಲೆ ಹೇಳಿದ ಪ್ರಕಾರ, ಕೈ ಜೋಡಿಸಿದ್ದು ಯಾಕೆ ಎಂದು ಕೇಳಿದಾಗ ಅಪ್ಪನ ಹೋಟೆಲಿನ ಕಟ್ಟಳೆಯನ್ನು ಹೇಳಿದನಂತೆ, ಜ್ಯೂರಿಯ ಒಬ್ಬ ಮುದುಕಿ ತಲೆಯಾಡಿಸಿದಳಂತೆ. ಎರಡನೆಯ ಏಟಿನ ಬಗ್ಗೆ ಸರಕಾರದ ವಕೀಲರು ಬೇರೆ ಬೇರೆ ಕಡೆಯಿಂದ ಸುತ್ತಿ ಬಂದು ಕೇಳಿದರಂತೆ. ಪ್ರತಿ ಸಲವೂ ಅವನದು ಒಂದೇ ಉತ್ತರ: ಚಾಕು ಬರುತ್ತದೆ ಅಂದುಕೊಂಡೆ. ಗಾಯಗೊಂಡವನು ಕಪ್ಪು ಕನ್ನಡಕ ಹಾಕಿಕೊಂಡು ಎದುರಿಗೇ ಕೂತಿದ್ದನಂತೆ, ಪಕ್ಕದಲ್ಲಿ ಅವನ ತಾಯಿ.

ತೀರ್ಪಿನ ಫೋನು ಬಂದಾಗ ನಾನು ಕೆಲಸ ಮುಗಿಸಿ ಥಾಣೆ ಸ್ಟೇಷನ್ನಿನ ಸೇತುವೆಯ ಮೇಲಿದ್ದೆ. ಜನ ನೂಕುತ್ತಿದ್ದರು. ನಿರ್ದೋಷಿ, ಎರಡೂ ಆರೋಪಗಳಲ್ಲಿ. ದೊಡ್ಡದರಲ್ಲೂ, ಅದು ನಿಲ್ಲದಿದ್ದರೆ ಎಂದು ಜೊತೆಗೆ ಹಾಕಿದ್ದ ಚಿಕ್ಕದರಲ್ಲೂ. ಆತ್ಮರಕ್ಷಣೆ ಅಲ್ಲವೆಂದು ಜ್ಯೂರಿಗೆ ಖಾತ್ರಿಯಾಗಲಿಲ್ಲ, ಅಷ್ಟೇ, ಎಂದು ಸಾಲಿಸಿಟರ್ ಒತ್ತಿ ಹೇಳಿದರು. ಕಂಬಿ ಹಿಡಿದುಕೊಂಡು ನಿಂತೆ. ಅಪ್ಪನಿಗೆ ಹೇಳಿದಾಗ ಅವರು ಅತ್ತರು. ಅಮ್ಮ ದೇವರ ಮುಂದೆ ದೀಪ ಹಚ್ಚಿದಳು.

ಕೆಲಸ ಹೋಗಿತ್ತು, ಅದರ ಜೊತೆ ವೀಸಾವೂ. ತಮ್ಮ ವಾಪಸು ಬಂದ. ತೆಳ್ಳಗಾಗಿದ್ದಾನೆ. ಈಗ ಅಪ್ಪನ ಜೊತೆ ಕೋಪರಖೈರಣೆಯಲ್ಲೇ ದೋಸೆ ಹುಯ್ಯುತ್ತಾನೆ. ಗಿರಾಕಿ ದನಿ ಎತ್ತಿದರೆ ಒಳಗೆ ಹೋಗಿಬಿಡುತ್ತಾನೆ ಎಂದು ಅಪ್ಪ ಹೇಳುತ್ತಾರೆ. ಮನೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು, ಬಾಗಿಲು ಕಾಣುವ ಹಾಗೆ ಕೂರುತ್ತಾನೆ. ಯಾರಾದರೂ ಫಕ್ಕನೆ ಜೇಬಿಗೆ ಕೈ ಹಾಕಿದರೆ ಅವನ ಕಣ್ಣು ಅಲ್ಲಿಗೆ ಹೋಗುತ್ತದೆ. ಒಮ್ಮೆ ನಾನೇ ಸುಮ್ಮನೆ ಬ್ಯಾಗಿಗೆ ಕೈ ಹಾಕಿದೆ, ಟ್ರೇನಿನ ಪಾಸು ತೆಗೆಯಲು. ಅವನು ನೋಡಿದ. ನಾನು ಅವನು ನೋಡುವುದನ್ನು ನೋಡಿದೆ.

ಆ ಭಾನುವಾರ ಫೋನಿನಲ್ಲಿ ಅವನು ಏನು ಹೇಳಹೊರಟಿದ್ದ ಎಂದು ಈಗ ಕೇಳಬಹುದು. ರೆಕಾರ್ಡಿಂಗ್ ಇಲ್ಲ, ಕೋರ್ಟು ಇಲ್ಲ, ಕೇಸು ಮುಗಿದಿದೆ. ದಿವಾದ ಈ ಒಂದೇ ಕೋಣೆಯಲ್ಲಿ ರಾತ್ರಿ ಅವನು ಮಲಗುವುದು ನನ್ನಿಂದ ಒಂದು ಕೈ ದೂರದಲ್ಲಿ. ಕೇಳಿದರೆ ಹೇಳುತ್ತಾನೆ, ಅದರಲ್ಲಿ ಸಂಶಯವಿಲ್ಲ. ಅದಕ್ಕೇ ಕೇಳಿಲ್ಲ.